‘ಸರಿ’ ಅಂದರೆ ಸಿಟ್ಟಾ?

ಪ್ರಶ್ನೆ: ಆಫೀಸಿನಲ್ಲಿ ಒಂದು ಸಣ್ಣ ತಂಡ ನೋಡಿಕೊಳ್ಳುತ್ತೇನೆ. ಮೊದಲಿನಿಂದಲೂ ನನಗೆ ಮಾತು ಕಮ್ಮಿ. ಮೆಸೇಜ್ ಬಂದರೆ ‘ಸರಿ’, ‘ಆಯ್ತು’, ‘ಮತ್ತೆ ಮಾಡಿ’ ಅಂತಷ್ಟೇ ಉತ್ತರ. ಮೇಲಿನವರಿಗೆ ಕಳಿಸುವ ಮೇಲ್ ಮಾತ್ರ ಎರಡೆರಡು ಸಲ ಓದಿ, ತಿದ್ದಿ ಕಳಿಸುತ್ತೇನೆ. ಈ ಸಲ ಅಪ್ರೈಸಲ್‌ನಲ್ಲಿ ತಂಡದವರು ‘ಇವರಿಗೆ ಸೊಕ್ಕು, ಏನಾದರೂ ಕೇಳಲು ಭಯ’ ಎಂದು ಬರೆದಿದ್ದಾರೆ. ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ ನಾನು. ನನ್ನ ಸ್ವಭಾವವೇ ಸರಿಯಿಲ್ಲವೇ?

ಉತ್ತರ: ಚುಟುಕಾಗಿ ಬರೆಯುವವರೆಲ್ಲ ಸೊಕ್ಕಿನವರಲ್ಲ. ಕೆಲಸದ ಮಾತಿಗೆ ನಯ ಬೆರೆಸುವುದು ಕೆಲವರಿಗೆ ಬರುವುದೇ ಇಲ್ಲ. ಎದುರಿನವರ ನಡತೆ ಕಂಡಾಗ ಸಂದರ್ಭವನ್ನು ಮರೆತು, ಎಲ್ಲವನ್ನೂ ಅವರ ಗುಣದ ತಲೆಗೆ ಕಟ್ಟುವ ಅಭ್ಯಾಸ ಎಲ್ಲರಿಗೂ ಇದೆ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದರು. ಅಪ್ರೈಸಲ್‌ನ ಆ ಸಾಲಿನಲ್ಲೂ ಇದು ಸ್ವಲ್ಪ ಸೇರಿರಬಹುದು.

ಹಾಗಂತ ತಪ್ಪೆಲ್ಲ ಓದಿದವರದ್ದೂ ಅಲ್ಲ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಇಮೇಲ್‌ನಲ್ಲಿ ತಾವು ಬರೆದದ್ದು ವ್ಯಂಗ್ಯವೋ ನಿಜವೋ ಓದುವವರಿಗೆ ಗೊತ್ತಾಗೇ ಆಗುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಅದಕ್ಕಿಂತ ಬಹಳ ಕಡಿಮೆ. ಅದೇ ಮಾತು ದನಿಯಲ್ಲಿ ಕೇಳಿಸಿದಾಗ ಇಷ್ಟು ಎಡವಟ್ಟಾಗಲಿಲ್ಲ. ಬರೆಯುವಾಗ ನಮ್ಮ ದನಿ ನಮಗೆ ಒಳಗೇ ಕೇಳಿಸುತ್ತಿರುತ್ತದೆ, ಅಲ್ವಾ? ಓದುವವರಿಗೆ ಕಾಣುವುದು ‘ಮತ್ತೆ ಮಾಡಿ’ ಅನ್ನುವ ಎರಡೇ ಪದ. ಉಳಿದದ್ದನ್ನು ಅವರು ತಮ್ಮ ಭಯದಿಂದ ತುಂಬಿಕೊಳ್ಳುತ್ತಾರೆ. ಅದರಲ್ಲೂ ಬರೆದವರು ತಮ್ಮ ಮೇಲಧಿಕಾರಿಯಾದರೆ ಭಯ ಇನ್ನೂ ಜಾಸ್ತಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನವರ ಮೇಲ್‌ನ ವಿಷಯ. ನೀವು ಅದನ್ನು ಏನೋ ಸಣ್ಣ ಸಂಗತಿ ಎಂಬಂತೆ ಬರೆದಿದ್ದೀರಿ. ಎಲ್ಲರಿಗೂ ಒಂದೇ ಥರ ಚುಟುಕಾಗಿ ಬರೆದಿದ್ದರೆ ‘ಅವರು ಇರೋದೇ ಹಾಗೆ’ ಅಂದುಬಿಡಬಹುದಿತ್ತು. ಆದರೆ ಓದುವವರಿಗೆ ಹೇಗನಿಸೀತು ಎಂದು ಯೋಚಿಸಿ ಬರೆಯುವುದು ನಿಮಗೆ ಬರುತ್ತದೆ. ಆ ಶ್ರಮವನ್ನು ಕೆಳಗಿನವರಿಗಾಗಿ ತೆಗೆದುಕೊಳ್ಳುತ್ತಿಲ್ಲ, ಅಷ್ಟೇ. ಮಾತು ಕಮ್ಮಿ ಇರುವುದು ಸ್ವಭಾವ. ಯಾರಿಗೆ ಎಷ್ಟು ಗಮನ ಕೊಡಬೇಕು ಅನ್ನುವುದು ನೀವೇ ಮಾಡಿಕೊಂಡ ಆಯ್ಕೆ. ನಿಮ್ಮ ತಂಡಕ್ಕೆ ನೋವಾಗಿರುವುದು ಈ ಎರಡನೆಯದರಿಂದ ಇರಬೇಕು.

ನಗುವ ಎಮೋಜಿ ಸುರಿಯಲು ಹೋಗಬೇಡಿ. ಅದು ನಿಮಗೆ ಒಪ್ಪುವುದೂ ಇಲ್ಲ, ಯಾರೂ ನಂಬುವುದೂ ಇಲ್ಲ. ‘ಮತ್ತೆ ಮಾಡಿ’ ಅನ್ನುವ ಕಡೆ ಯಾಕೆ ಎಂದು ಒಂದು ಸಾಲು ಸೇರಿಸಿ: ‘ಮೊದಲ ಭಾಗ ಚೆನ್ನಾಗಿದೆ. ಕೊನೆಯ ಲೆಕ್ಕ ಮಾತ್ರ ಇನ್ನೊಮ್ಮೆ ನೋಡಿ.’ ತಪ್ಪು ದೊಡ್ಡದಿದ್ದರೆ ಬರೆಯಲೇ ಬೇಡಿ, ಎದ್ದು ಹೋಗಿ ಮಾತಾಡಿ.

ಅಪ್ರೈಸಲ್‌ನಲ್ಲಿ ಅದನ್ನು ಬರೆದವರು ಯಾರೆಂದು ಮಾತ್ರ ಹುಡುಕಬೇಡಿ. ಮುಂದಿನ ಮೀಟಿಂಗ್‌ನಲ್ಲಿ ‘ನನ್ನ ಉತ್ತರ ತೀರಾ ಚಿಕ್ಕದಾಗುತ್ತದೆ, ಅರ್ಥವಾಗದಿದ್ದರೆ ನೇರವಾಗಿ ಕೇಳಿ’ ಎಂದುಬಿಡಿ. ಯಾರಾದರೂ ಧೈರ್ಯ ಮಾಡಿ ಕೇಳಿದ ದಿನ ‘ಸರಿ’ ಅಂತ ಉತ್ತರಿಸಬೇಡಿ!