ಐದನೇ ದಿನಕ್ಕೆ ಮಲಗುವ ಬಾಕ್ಸ್

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಅಪಾರ್ಟ್‌ಮೆಂಟ್‌ಗಳಲ್ಲಿ ನೀರಿನ ಮೀಟರ್ ಓದುವ ಬಾಕ್ಸ್ ಮಾಡುತ್ತೇವೆ. ಒಳಗೆ ಲಿನಕ್ಸ್, 64 ಎಂಬಿ ರ‍್ಯಾಮ್, ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಇಲ್ಲ. ಒಂದು ಬಾಕ್ಸಿಗೆ 48 ಮೀಟರ್, ಪ್ರತಿಯೊಂದನ್ನೂ ನಿಮಿಷಕ್ಕೊಮ್ಮೆ ಓದುತ್ತದೆ. ಮೀಟರ್ ಜೊತೆ ಮಾತಾಡುವ ಆರ್‌ಎಸ್-485 ಡ್ರೈವರನ್ನು ನಾವೇ ಸ್ವಲ್ಪ ತಿದ್ದಿದ್ದೇವೆ. ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೇ ದಿನ ನಿಂತುಬಿಡುತ್ತದೆ. ಯಾವುದು ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್‌ನಲ್ಲಿ ನೋಡಿದರೆ ಕೆಸ್ವಾಪ್‌ಡಿ ಒಂದೇ ಸಿಪಿಯು ತಿನ್ನುತ್ತಿರುತ್ತದೆ. ಕಿಲ್ ಮೈನಸ್ 9 ಕೊಟ್ಟರೂ ಸಾಯುವುದಿಲ್ಲ. ಡ್ರಾಪ್ ಕ್ಯಾಶಸ್ ಕೊಟ್ಟು ಕ್ಯಾಶ್ ಖಾಲಿ ಮಾಡಿದರೆ ಒಂದೆರಡು ಎಂಬಿ ಸಿಗುತ್ತದೆ, ಅಷ್ಟೇ. ಮೂರು ದಿನದಲ್ಲಿ ಮೆಮೊರಿ ಲೆಕ್ಕ ಕೊಡುವ ಮೆಮ್‌ಇನ್ಫೋ ಫೈಲಿನ ಎಸ್‌ಅನ್‌ರಿಕ್ಲೇಮ್ 6 ಎಂಬಿಯಿಂದ 31 ಎಂಬಿಗೆ ಏರಿದೆ. ಲಿನಕ್ಸ್ ತನಗೇ ಇಟ್ಟುಕೊಂಡ ತುಂಡುಗಳನ್ನು ಎಣಿಸುವ ಸ್ಲಾಬ್‌ಇನ್ಫೋದಲ್ಲಿ, 128 ಬೈಟ್ ತುಂಡುಗಳ ಕೆಮ್ಯಾಲಕ್-128 ಸಾಲು ಮಾತ್ರ ಬೆಳೆಯುತ್ತಿದೆ. ಸದ್ಯಕ್ಕೆ ದಿನಾ ರಾತ್ರಿ ರೀಬೂಟ್ ಮಾಡಿಸುತ್ತಿದ್ದೇವೆ. ಕೆಸ್ವಾಪ್‌ಡಿಯನ್ನು ನಿಲ್ಲಿಸುವುದು ಹೇಗೆ?
— ಪೀಣ್ಯದ ಓದುಗರು

ಉತ್ತರ: ಅದನ್ನು ನಿಲ್ಲಿಸಲು ಹೋಗಬೇಡಿ. ಓಡುತ್ತಿರುವವುಗಳ ಪಟ್ಟಿ ತೋರಿಸುವ ಪಿಎಸ್ ಕೊಟ್ಟಾಗ ಕೆಲವು ಹೆಸರುಗಳು ಚೌಕ ಬ್ರ್ಯಾಕೆಟ್ಟಿನೊಳಗೆ ಬರುತ್ತವಲ್ಲ, ಅವೆಲ್ಲ ಕರ್ನಲ್ಲಿನ, ಅಂದರೆ ಲಿನಕ್ಸ್‌ನ ತಿರುಳಿನ, ಸ್ವಂತ ಥ್ರೆಡ್‌ಗಳು; ಕೆಸ್ವಾಪ್‌ಡಿಯೂ ಅವುಗಳಲ್ಲೊಂದು. ಪಿಐಡಿ (ಗುರುತು ಸಂಖ್ಯೆ) 2 ಇರುವ ಕೆಥ್ರೆಡ್‌ಡಿ ಅವಕ್ಕೆಲ್ಲ ತಾಯಿ. ನೀವು ಕಳಿಸುವ ಕಿಲ್ ಅವಕ್ಕೆ ತಾಗುವುದೇ ಇಲ್ಲ.

ಕೆಸ್ವಾಪ್‌ಡಿ ಮಾಡುವ ಕೆಲಸ ಏನು ಗೊತ್ತಾ? ದರ್ಶಿನಿಯಲ್ಲಿ ತಟ್ಟೆ ಎತ್ತುವ ಹುಡುಗನ ಕೆಲಸ. ಖಾಲಿ ಮೆಮೊರಿ ಒಂದು ಮಟ್ಟಕ್ಕಿಂತ ಇಳಿದಾಗ ಎದ್ದು ಬಂದು, ಬೇಡದ ಪೇಜ್‌ಗಳನ್ನು (ಮೆಮೊರಿಯ ತುಣುಕುಗಳನ್ನು) ಎತ್ತಿ ಜಾಗ ಮಾಡಿಕೊಡುತ್ತದೆ. ತಿಂದವರು ಮೇಜು ಬಿಟ್ಟು ಏಳದಿದ್ದರೆ ಆ ಹುಡುಗ ತಾನೇ ಏನು ಮಾಡಿಯಾನು, ಸುಮ್ನೆ ಸುತ್ತುತ್ತಿರುತ್ತಾನೆ. ನಿಮ್ಮ ಬಾಕ್ಸಿನಲ್ಲಿ ಸ್ವಾಪ್ ಬೇರೆ ಇಲ್ಲ, ಹಾಗಾಗಿ ಅದು ಕೊನೆಗೆ ಓಡುತ್ತಿರುವ ಪ್ರೋಗ್ರಾಮಿನ ಕೋಡ್ ಇರುವ ಪೇಜ್‌ಗಳನ್ನೇ ಬಿಸಾಡುತ್ತದೆ, ಮರುಕ್ಷಣವೇ ಅವು ಬೇಕಾಗುತ್ತವೆ, ಮತ್ತೆ ಫ್ಲ್ಯಾಶ್‌ನಿಂದ ಓದಬೇಕು, ಮತ್ತೆ ಬಿಸಾಡಬೇಕು. ಸೀರಿಯಲ್ ಕನ್ಸೋಲ್‌ನಲ್ಲಿ ಒಂದು ಅಕ್ಷರ ಒತ್ತಿದರೆ ಅದು ಮೂಡಲು ಎಷ್ಟೋ ಹೊತ್ತು ಕಾಯಬೇಕಾಗುವುದು ಇದಕ್ಕೇ.

ಈಗ ನಿಮ್ಮದೇ ಲೆಕ್ಕ ನೋಡಿ. ನೀವು ಅಂಕಿಗಳನ್ನು ಬರೆದಿಟ್ಟುಕೊಂಡಿದ್ದು ತುಂಬಾ ಒಳ್ಳೇದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಎಸ್‌ಅನ್‌ರಿಕ್ಲೇಮ್ ಅಂದರೆ ಕರ್ನಲ್ ತನಗಾಗಿ ಇಟ್ಟುಕೊಂಡ, ಬೇರೆ ಯಾರೂ ಕಿತ್ತುಕೊಳ್ಳಲಾಗದ ಮೆಮೊರಿ. ಡ್ರಾಪ್ ಕ್ಯಾಶಸ್‌ಗೂ ಅದು ಜಗ್ಗುವುದಿಲ್ಲ. ಮೂರು ದಿನದಲ್ಲಿ 25 ಎಂಬಿ ಏರಿದೆ. 128 ಬೈಟ್‌ನ ತುಂಡುಗಳಾಗಿ ಲೆಕ್ಕ ಹಾಕಿದರೆ 2,04,800 ತುಂಡು. ನಿಮ್ಮ ಬಾಕ್ಸ್ ಮೂರು ದಿನದಲ್ಲಿ ಎಷ್ಟು ಸಲ ಮೀಟರ್ ಓದಿತು? 48 ಮೀಟರ್, ದಿನಕ್ಕೆ 1,440 ನಿಮಿಷ, ಮೂರು ದಿನಕ್ಕೆ 2,07,360 ಸಲ. ಅಂಕಿಗಳನ್ನು ಎಂಬಿಗೆ ದುಂಡಗೆ ಮಾಡಿದ್ದೀರಿ, ಆ ಸಣ್ಣ ವ್ಯತ್ಯಾಸ ಬಿಟ್ಟುಬಿಡಿ. ಒಂದು ಸಲ ಮೀಟರ್ ಓದಿದರೆ ಒಂದು ತುಂಡು ಸೋರುತ್ತಿದೆ! ಇದೇ ವೇಗದಲ್ಲಿ ಹೋದರೆ ಐದನೇ ದಿನಕ್ಕೆ 48 ಎಂಬಿ ಹತ್ತಿರ ಬರುತ್ತದೆ, 64 ಎಂಬಿ ಬೋರ್ಡಿನಲ್ಲಿ ಇನ್ನೇನು ಉಳಿಯುತ್ತದೆ ಹೇಳಿ?

ಹಾಗಾಗಿ ನನ್ನ ಅನುಮಾನ ನೀವು ತಿದ್ದಿದ ಡ್ರೈವರ್ ಮೇಲೆ. ಆದರೆ ಕೆಮ್ಯಾಲಕ್-128 ಸಾಲು ಹಂಚಿಕೆಯದ್ದು, ಆ ಅಳತೆಯ ತುಂಡು ಯಾವ ಡ್ರೈವರ್ ಕೇಳಿದರೂ ಅಲ್ಲಿಗೇ ಸೇರುತ್ತದೆ, ಆದ್ದರಿಂದ ಮೊದಲು ಖಚಿತ ಮಾಡಿಕೊಳ್ಳಿ. ಮೇಜಿನ ಮೇಲಿರುವ ಒಂದು ಬಾಕ್ಸಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಓದಿಸಿ. ಸೋರಿಕೆ ಎರಡರಷ್ಟಾಯಿತಾ? ಹಾಗಾದರೆ ಕಳ್ಳ ಸಿಕ್ಕಿದ ಹಾಗೇ. ಆಮೇಲೆ ಡ್ರೈವರ್‌ನಲ್ಲಿ ಓದುವ ಫಂಕ್ಷನ್ ತೆರೆದು, ಮೆಮೊರಿ ಕೇಳುವ ಪ್ರತಿ ಕೆಮ್ಯಾಲಕ್‌ಗೂ ಅದನ್ನು ಹಿಂದಿರುಗಿಸುವ ಕೆಫ್ರೀ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ಮಧ್ಯದಲ್ಲೇ ರಿಟರ್ನ್ ಆಗುವ ಸಾಲುಗಳನ್ನು ಬಿಡಬೇಡಿ. ಕೇಬಲ್ ಕಿತ್ತು, ಮೀಟರ್ ಉತ್ತರ ಕೊಡದಿದ್ದಾಗಲೂ ಅಳೆಯಿರಿ, ಟೈಮ್‌ಔಟ್ ದಾರಿಯಲ್ಲಿ ಇನ್ನೊಂದು ಸೋರಿಕೆ ಅಡಗಿರುವುದು ಮಾಮೂಲು.

ಕಣ್ಣಿಗೆ ಸಿಗದಿದ್ದರೆ ಕರ್ನಲ್ಲಿನ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಇದೆ. 2009ರ 2.6.31 ಕರ್ನಲ್‌ನಿಂದಲೂ ಇದೆ. ಕರ್ನಲ್ ಬಿಲ್ಡ್ ಮಾಡುವಾಗ ಆನ್ ಮಾಡಿಕೊಂಡು, ಡೀಬಗ್‌ಎಫ್‌ಎಸ್ (ಕರ್ನಲ್ಲಿನ ಒಳಮಾಹಿತಿ ತೋರಿಸುವ ಫೋಲ್ಡರ್) ಮೌಂಟ್ ಮಾಡಿ, ಅದರ ಫೈಲಿಗೆ ಸ್ಕ್ಯಾನ್ ಎಂದು ಬರೆದರೆ ಯಾರೂ ಹಿಡಿದುಕೊಂಡಿಲ್ಲದ ತುಂಡುಗಳನ್ನೂ, ಅವು ಯಾವ ಫಂಕ್ಷನ್‌ನಿಂದ ಹುಟ್ಟಿದವು ಎಂಬುದನ್ನೂ ತೋರಿಸುತ್ತದೆ. ಅದಕ್ಕೇ ಮೆಮೊರಿ ಜಾಸ್ತಿ ಬೇಕು, ಗಿರಾಕಿಗಳ ಬಾಕ್ಸಿಗೆ ಹಾಕಬೇಡಿ.

ಎಲ್ಲ ಸೋರಿಕೆಯೂ ಕರ್ನಲ್ಲಿನದ್ದೇ ಇರಬೇಕೆಂದಿಲ್ಲ. ಹಿಂದೆ ಒಂದು ಕಾರ್ಖಾನೆಯ ಬೋರ್ಡಿಗೆ ನಾನು ಎರಡು ರಾತ್ರಿ ಸೀರಿಯಲ್ ಕೇಬಲ್ ಹಾಕಿಕೊಂಡು ಕೂತಿದ್ದೆ. ಯಾವ ಪ್ರೋಗ್ರಾಮೂ ದಪ್ಪ ಆಗುತ್ತಿರಲಿಲ್ಲ, ಸ್ಲಾಬ್ ಕೂಡ ಅಲುಗುತ್ತಿರಲಿಲ್ಲ, ಮೆಮೊರಿ ಮಾತ್ರ ಕರಗುತ್ತಿತ್ತು. ಬೆಳೆಯುತ್ತಿದ್ದದ್ದು ಮೆಮ್‌ಇನ್ಫೋದ ಶ್‌ಮೆಮ್ ಎಂಬ ಸಾಲು. ಯಾರೋ ಲಾಗ್ ಫೈಲನ್ನು ಟೆಂಪ್ ಫೋಲ್ಡರಿಗೆ ಬರೆಸಿದ್ದರು, ಆ ಫೋಲ್ಡರ್ ಇದ್ದದ್ದು ರ‍್ಯಾಮಿನಲ್ಲಿ! ಅದಕ್ಕೇ ಹೇಳುವುದು, ಟಾಪ್ ನೋಡುವ ಮೊದಲು ಮೆಮ್‌ಇನ್ಫೋ ನೋಡಿ, ಗಂಟೆಗೊಂದು ಸಲ ಉಳಿಸಿಟ್ಟುಕೊಳ್ಳಿ.

ರಾತ್ರಿಯ ರೀಬೂಟ್ ಈಗಲೇ ನಿಲ್ಲಿಸಬೇಡಿ, ಪಾಪ ಅಲ್ಲಿನ ಜನಕ್ಕೆ ಬಿಲ್ ಸರಿಯಾಗಿ ಬರಬೇಕಲ್ಲ. ಜೊತೆಗೆ ಲಿನಕ್ಸ್ ಸೆಟ್ಟಿಂಗ್‌ಗಳಲ್ಲಿ ಪ್ಯಾನಿಕ್ ಆನ್ ಊಮ್ (ಊಮ್ ಅಂದರೆ ಮೆಮೊರಿ ಮುಗಿದ ಸ್ಥಿತಿ) 1 ಮಾಡಿ, ಕರ್ನಲ್ ಪ್ಯಾನಿಕ್‌ಗೆ 10 ಕೊಡಿ: ಮೆಮೊರಿ ಪೂರ್ತಿ ಮುಗಿದರೆ 10 ಸೆಕೆಂಡಿಗೆ ತಾನಾಗಿ ರೀಬೂಟ್ ಆಗುತ್ತದೆ. ಊಮ್ ಕಿಲ್ಲರನ್ನು ನಂಬಿ ಕೂರುವ ಹಾಗಿಲ್ಲ, ಅದು ಪ್ರೋಗ್ರಾಮುಗಳನ್ನು ಕೊಲ್ಲುತ್ತದೆಯೇ ಹೊರತು ಡ್ರೈವರ್ ನುಂಗಿದ್ದನ್ನು ಕಕ್ಕಿಸುವುದಿಲ್ಲ. ಬಾಕ್ಸ್ ನಿಂತುಹೋದರೆ ತಾನೇ ರೀಬೂಟ್ ಮಾಡಿಸುವ ಹಾರ್ಡ್‌ವೇರ್ ವಾಚ್‌ಡಾಗ್ ಇದ್ದರೆ ಅದನ್ನೂ ಆನ್ ಮಾಡಿ.

ಪ್ರಶ್ನೆ: ನನ್ನ ಪ್ರಾಜೆಕ್ಟ್ ಬೋರ್ಡಿನಲ್ಲಿ ಲೋಡ್ ಆವರೇಜ್ 4 ತೋರಿಸುತ್ತದೆ, ಆದರೆ ಸಿಪಿಯು ಖಾಲಿ ಕೂತಿದೆ. ಯಾವುದು ಸುಳ್ಳು?
— ಬನಶಂಕರಿಯ ವಿದ್ಯಾರ್ಥಿನಿ

ಉತ್ತರ: ಎರಡೂ ನಿಜ ಕಣಮ್ಮ. ಲಿನಕ್ಸ್‌ನಲ್ಲಿ ಲೋಡ್ ಲೆಕ್ಕಕ್ಕೆ ಓಡುತ್ತಿರುವ ಪ್ರೋಗ್ರಾಮುಗಳು ಮಾತ್ರ ಅಲ್ಲ, ಡಿ ಸ್ಥಿತಿಯಲ್ಲಿ (ಸಾಮಾನ್ಯವಾಗಿ ಡಿಸ್ಕ್‌ನಂಥ ಸಾಧನದ ಉತ್ತರಕ್ಕೆ) ಕಾಯುತ್ತಿರುವವೂ ಸೇರುತ್ತವೆ. ಪಿಎಸ್‌ನಲ್ಲಿ ಡಿ ಇರುವ ನಾಲ್ಕು ಸಾಲು ಸಿಗಬಹುದು, ನೋಡಿ. ಕರ್ನಲ್‌ಗೆ ನೇರವಾಗಿ ಆದೇಶ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ ಡಬ್ಲ್ಯೂ ಅಕ್ಷರ ಬರೆದರೆ ಅವು ಎಲ್ಲಿ ಸಿಕ್ಕಿಕೊಂಡಿವೆ ಎಂದು ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಬರುತ್ತದೆ. ಎಸ್‌ಡಿ ಕಾರ್ಡ್ ಹಾಕಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ.