ಕಟ್‌ಆಫ್ ಎಷ್ಟಕ್ಕ ನಿಲ್ತದ್ರಿ ಮೇಡಂ?

(ತಂದೆ-ತಾಯಿ ಮತ್ತು ಹುಡುಗಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹೊಲದಲ್ಲಿ ತೊಗರಿ ರಾಶಿ ಮುಗಿದು ಕಟಗಿ ಮಾತ್ರ ಉಳಿದಿದ್ದ ದಿನಗಳು. ಆಳಂದ ತಾಲ್ಲೂಕಿನ ಒಂದು ಹಳ್ಳಿಯಿಂದ ತಾಯಿ-ಮಗಳು ಕಲಬುರಗಿಗೆ ಬಂದು, ಆಪ್ತಸಮಾಲೋಚಕಿಯಾದ ನನ್ನ ಮುಂದೆ ಕೂತರು. ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ. ತಾಯಿಯೇ ಮಾತು ತೆಗೆದರು: ‘ಹೊಟ್ಟಿ ನೋವು ಅಂತಾಳ್ರಿ. ದವಾಖಾನಿಗೆ ತೋರಿಸ್ದೆವು, ಏನೂ ಇಲ್ಲ ಅಂದ್ರು. ಅರ್ಧ ರೊಟ್ಟಿ ತಿಂದು ಏಳ್ತಾಳ. ನಸುಕಿನಾಗ ಎದ್ದು ನನ್ನ ಫೋನ್ ಹಿಡ್ಕೊಂಡು ಕುಂದರ್ತಾಳ.’

ಹುಡುಗಿ ತಲೆ ತಗ್ಗಿಸಿಕೊಂಡೇ ಇದ್ದಳು. ‘ನನ್ನ ಹತ್ತಿರ ಏನು ಕೇಳಬೇಕು ಅನಿಸ್ತದ ಅದನ್ನ ಕೇಳು’ ಎಂದೆ. ಆಗ ತಲೆ ಎತ್ತಿದಳು.

‘ಈ ಸಲ ಕಟ್‌ಆಫ್ ಎಷ್ಟಕ್ಕ ನಿಲ್ತದ್ರಿ ಮೇಡಂ?’

ಅವಳು ಬರೆದದ್ದು ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಎಂಟನೇ ತರಗತಿ ಓದುವ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ಪಠ್ಯದ 90 ಪ್ರಶ್ನೆ, ಒಟ್ಟು 180 ಅಂಕ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಸಿಗುತ್ತದೆ. ಕರ್ನಾಟಕದ ಪಾಲು 5,534.

ಚೀಲದಿಂದ ಒಂದು ನೂರು ಪುಟದ ನೋಟ್‌ಬುಕ್ ತೆಗೆದಳು. ಕೀ ಉತ್ತರ ಬಂದ ದಿನದಿಂದ ಪ್ರತಿದಿನ ತನ್ನ ಅಂಕ ಎಣಿಸಿ ಬರೆದಿದ್ದಳು. 121. ಮರುದಿನ 118. ಆಮೇಲೆ 116, ಮತ್ತೆ 120. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಯಾರ್ಯಾರೋ ಹೇಳಿದ ಕಟ್‌ಆಫ್. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು 110 ಅಂದಿದ್ದರೆ ಇನ್ನೊಬ್ಬರು 130 ಅಂದಿದ್ದರು. 110 ಬಂದ ದಿನ ಊಟ ಮಾಡಿದ್ದಾಳೆ, 130 ಬಂದ ದಿನ ಇಲ್ಲ. ತಾಯಿ ಹೇಳಿದ ಹೊಟ್ಟೆನೋವಿನ ದಿನಗಳನ್ನು ಆ ಪುಟಗಳ ಜೊತೆ ಇಟ್ಟು ನೋಡಿದರೆ ಎರಡೂ ತಾಳೆಯಾಗುತ್ತಿದ್ದವು.

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. ಅವಳ ಮುಖ ನೋಡಿ ತಡೆಯಲಾಗದೆ, ‘118 ಅಂದ್ರ ಛಲೋ ಅದ, ಬರ್ತದ ಬಿಡು’ ಎಂದುಬಿಟ್ಟೆ. ನಗುತ್ತಲೇ ಹೋದಳು. ಮುಂದಿನ ವಾರ ಬಂದಾಗ ನೋಟ್‌ಬುಕ್‌ನಲ್ಲಿ ಕೆಂಪು ಪೆನ್ನಿನ ಹೊಸ ಸಾಲು: ‘ಮೇಡಂ - 118’. ನನ್ನ ಸಮಾಧಾನದ ಮಾತೂ ಅವಳಿಗೆ ಇನ್ನೊಂದು ಕಟ್‌ಆಫ್ ಆಗಿತ್ತು. ಅಂದಿನಿಂದ ಯಾವ ಮಗುವಿಗೂ ‘ಬರ್ತದ’ ಅನ್ನುವುದನ್ನು ಬಿಟ್ಟಿದ್ದೇನೆ.

ಎರಡನೇ ಸಲ ನಿಧಾನವಾಗಿ ಲೆಕ್ಕಕ್ಕೆ ಕೂತೆವು. ಲೆಕ್ಕ ಬೇಡ ಅಂದರೆ ಅವಳು ಬಿಡುತ್ತಿರಲಿಲ್ಲ. ಮಾಡುವುದಾದರೆ ಒಂದೇ ಸಲ, ಸರಿಯಾಗಿ ಮಾಡೋಣ ಎಂದು ಒಪ್ಪಿಸಿದೆ. ಪ್ರಶ್ನೆಪತ್ರಿಕೆ ಬಿಡಿಸಿ ಒಂದೊಂದೇ ಉತ್ತರ ಕೇಳಿದೆ: ‘ಇದನ್ನ ಒಎಂಆರ್‌ನಲ್ಲಿ ಇದೇ ತುಂಬಿದ್ದು ಖಂಡಿತಾನ?’ ಖಂಡಿತ ಸರಿ ಎಂದು ಸಿಕ್ಕವು 109. ಯಾವ ವೃತ್ತ ತುಂಬಿದ್ದೆ ಎಂಬುದೇ ನೆನಪಿಲ್ಲದವು 14. ಅಂದರೆ ಅವಳ ಅಂಕ 109ರಿಂದ 123ರ ನಡುವೆ ಎಲ್ಲೋ ಇದೆ. ಇಷ್ಟು ದಿನ ಅಂಕ ಏರಿ ಇಳಿದದ್ದು ಆ ಹದಿನಾಲ್ಕರಿಂದ. ಆಸೆಯಿದ್ದ ದಿನ ಅವು ಸರಿಯಾಗುತ್ತಿದ್ದವು, ಹೆದರಿದ ದಿನ ತಪ್ಪಾಗುತ್ತಿದ್ದವು. ಇದನ್ನು ನಾನು ಹೇಳಲಿಲ್ಲ, ಅವಳೇ ಕಂಡುಕೊಂಡಳು. ಪ್ರತಿ ಪುಟ ತಿರುವಿ ಮೌನವಾಗಿ ನೋಡಿದಳು.

ಆಮೇಲೆ ಕಟ್‌ಆಫ್. ಎರಡು ಮಾತು ಇಲ್ಲಿ ಕಲಸಿಹೋಗುತ್ತವೆ, ದೊಡ್ಡವರಿಗೂ. ಅರ್ಹತೆ ಬೇರೆ, ಆಯ್ಕೆ ಬೇರೆ. ಎರಡೂ ಪತ್ರಿಕೆ ಸೇರಿ ಶೇ 40, ಅಂದರೆ 180ಕ್ಕೆ 72 ಬಂದರೆ ಅರ್ಹತೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 32. ಅದನ್ನು ಅವಳು ದಾಟಿದ್ದಾಳೆ, ಅನುಮಾನವಿಲ್ಲ. ಆದರೆ ಆಯ್ಕೆ ಪಟ್ಟಿ ಮೇಲಿನಿಂದ ತುಂಬುತ್ತ ಬರುತ್ತದೆ, ಆಯಾ ವರ್ಗದ ಸ್ಥಾನಗಳು ಮುಗಿದಲ್ಲಿ ನಿಲ್ಲುತ್ತದೆ. ಕೊನೆಯ ಸ್ಥಾನ ಪಡೆದ ಮಗುವಿನ ಅಂಕವೇ ಕಟ್‌ಆಫ್. ಯಾರೋ ಮೊದಲೇ ಗೀರಿದ ಗೆರೆಯಲ್ಲ ಅದು. ಈ ಸಲದ ಮಕ್ಕಳೆಲ್ಲ ಸೇರಿ, ಗೊತ್ತಿಲ್ಲದೆಯೇ, ಹಾಕಿದ ಗೆರೆ. ಹೋದ ವರ್ಷದ ಗೆರೆ ಹೋದ ವರ್ಷದ ಪತ್ರಿಕೆಗೆ, ಆ ವರ್ಷದ ಮಕ್ಕಳಿಗೆ ಸೇರಿದ್ದು.

‘ಹಂಗಾರ ಗ್ರೇಸ್ ಮಾರ್ಕ್ಸ್ ಕೊಟ್ರ?’ ಎಂದಳು. ಬುದ್ಧಿವಂತ ಪ್ರಶ್ನೆ. ಒಂದು ಪ್ರಶ್ನೆಗೆ ಎಲ್ಲರಿಗೂ ಅಂಕ ಕೊಟ್ಟರೆ ನಿನಗೂ ಒಂದು ಏರುತ್ತದೆ, ಅದನ್ನು ತಪ್ಪು ಬರೆದ ಉಳಿದವರಿಗೂ ಏರುತ್ತದೆ, ಗೆರೆಯೂ ಮೇಲೆ ಸರಿಯಬಹುದು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅಂದ್ರ ಎಣಿಸಿ ಉಪಯೋಗಿಲ್ಲ’ ಎಂದಳು. 109-123 ಎಂದು ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿದೆವು. ಫಲಿತಾಂಶದ ದಿನ ಮಾತ್ರ ಬಿಡಿಸಬೇಕು. ಲಕೋಟೆ ತಾಯಿಯ ಟ್ರಂಕಿಗೆ ಹೋಯಿತು. ವಾಟ್ಸ್‌ಆ್ಯಪ್ ಗುಂಪಿನಿಂದ ತಾಯಿ ಹೊರಬರಬೇಕು, ಫಲಿತಾಂಶದ ಸುದ್ದಿಯನ್ನು ಶಾಲೆಯ ಮುಖ್ಯ ಗುರುಗಳಿಂದ ಮಾತ್ರ ಕೇಳಬೇಕು ಎಂದು ಗೊತ್ತುಮಾಡಿದೆವು.

ಇಷ್ಟಾದರೂ ಹೊಟ್ಟೆನೋವು ಪೂರ್ತಿ ಹೋಗಲಿಲ್ಲ.

ಮೂರನೇ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂಡಿಸಿ ಕೇಳಿದೆ: ‘ಬರಲಿಲ್ಲ ಅಂದ್ರ ಏನಾಗ್ತದ?’ ಬಹಳ ಹೊತ್ತಿನ ಮೇಲೆ ಎರಡು ಸಂಗತಿ ಹೊರಬಂದವು. ಒಂದು, ಅವಳ ಜೀವದ ಗೆಳತಿ. ಒಂದೇ ಓಣಿ, ಒಂದೇ ಬೆಂಚು. ಇಬ್ಬರೂ ಪರೀಕ್ಷೆ ಬರೆದವರು. ಗೆಳತಿಗೆ 124 ಆಗುತ್ತದೆ ಎಂದು ತಿಳಿದ ದಿನದಿಂದ ಇವಳು ಅವಳ ಜೊತೆ ಮಾತು ಬಿಟ್ಟಿದ್ದಳು. ಇನ್ನೊಂದು, ಒಂದು ರಾತ್ರಿ ನಿದ್ದೆ ಬಂದಂತೆ ಮಲಗಿದ್ದಾಗ ಅಜ್ಜಿಯ ಮಾತು ಕಿವಿಗೆ ಬಿದ್ದಿತ್ತು: ‘ರೊಕ್ಕ ಬಂದ್ರ ಹೈಸ್ಕೂಲಿಗಿ ಹೋಗ್ಲಿ, ಇಲ್ಲಾಂದ್ರ ಸಾಕ್ ಮಾಡು.’ ತಂದೆ ಅದಕ್ಕೆ ಉತ್ತರಿಸಿರಲಿಲ್ಲ. ಅವಳ ಲೆಕ್ಕದಲ್ಲಿ ಆ ಮೌನ ‘ಹೂಂ’ ಆಗಿತ್ತು.

ಹದಿಮೂರು ವರ್ಷದ ಮಗು ಎರಡು ತಿಂಗಳು ತನ್ನ ಓದು ಉಳಿಯುತ್ತದೋ ಇಲ್ಲವೋ ಎಂದು ಎಣಿಸುತ್ತಿತ್ತು. ನಾವು ಅದನ್ನು ಪರೀಕ್ಷೆಯ ಆತಂಕ ಎಂದು ಕರೆಯುತ್ತಿದ್ದೆವು.

ತಂದೆಯನ್ನು ಕರೆಸಿದೆ. ದಿನದ ಕೂಲಿ ಬಿಟ್ಟು ಬಂದರು, ಅದಕ್ಕೆ ನಾನು ಋಣಿ. ಮಗಳ ಎದುರಿಗೇ ಆ ರಾತ್ರಿಯ ಮಾತು ಕೇಳಿದೆ. ಅವರು ಗಾಬರಿಯಾದರು. ‘ಅವ್ವನ ಮುಂದ ಎದುರು ಮಾತಾಡಬಾರ್ದು ಅಂತ ಸುಮ್ಮನಿದ್ದೆ ರಿ. ಸಾಲಿ ಬಿಡಿಸೋ ವಿಚಾರ ನನಗ ಎಂದೂ ಇಲ್ಲ.’ ಇದನ್ನು ನನಗಲ್ಲ, ಅವಳಿಗೆ ಹೇಳಿ ಎಂದೆ. ಹೇಳಿದರು. ಮನೆಗೆ ಹೋಗಿ ಅಜ್ಜಿಯ ಮುಂದೆಯೂ ಒಮ್ಮೆ ಹೇಳಬೇಕೆಂದು ಕೇಳಿಕೊಂಡೆ, ಯಾಕೆಂದರೆ ಮಗು ಕೇಳಿಸಿಕೊಂಡದ್ದು ಅಲ್ಲಿ.

ಅವರ ತಲೆಯಲ್ಲಿ ಇನ್ನೊಂದು ಯೋಜನೆ ಇತ್ತು. ವಿದ್ಯಾರ್ಥಿವೇತನ ಬಂದರೆ ಮಗಳನ್ನು ಕಲಬುರಗಿಯ ಸೋದರಮಾವನ ಮನೆಯಲ್ಲಿಟ್ಟು, ಆ ದುಡ್ಡಿನಲ್ಲೇ ಖಾಸಗಿ ಶಾಲೆಗೆ ಹಾಕುವುದು. ಇದನ್ನು ಕೇಳಿ ನನಗೆ ನಿಜಕ್ಕೂ ಕಳವಳವಾಯಿತು. ಈ ವೇತನ ಮುಂದುವರಿಯಬೇಕಾದರೆ ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲೇ ಓದಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಹೋದ ದಿನ ದುಡ್ಡು ನಿಲ್ಲುತ್ತದೆ. ಕೇಂದ್ರೀಯ ವಿದ್ಯಾಲಯ, ನವೋದಯ, ಊಟ-ವಸತಿ ಕೊಡುವ ಸರ್ಕಾರಿ ವಸತಿ ಶಾಲೆಗಳಿಗೂ ಇದು ಇಲ್ಲ. ಹತ್ತನೇ ತರಗತಿಯಲ್ಲಿ ಶೇ 60 ತೆಗೆಯಬೇಕು, ಪರಿಶಿಷ್ಟರಿಗೆ ಶೇ 55. ಇವನ್ನೆಲ್ಲ ಕೇಳಿ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಾವು ಒಂಬತ್ತನೇ ತರಗತಿಯ ಶಾಲೆಯನ್ನು ಫಲಿತಾಂಶಕ್ಕೆ ಕಾಯದೆ ಅಲ್ಲೇ ತೀರ್ಮಾನಿಸಿದೆವು: ಹೋಬಳಿಯ ಸರ್ಕಾರಿ ಪ್ರೌಢಶಾಲೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಹಾಗಾಗಿ ಹೋಗಿಬರುವ ಖರ್ಚಿನ ಮಾತೇ ಬರಲಿಲ್ಲ.

ಕಾಯುವ ದಿನಗಳಿಗೆ ಕೆಲಸ ಕೊಟ್ಟೆ, ಬಂದರೂ ಬರದಿದ್ದರೂ ಬೇಕಾಗುವಂಥವು. ಮಗಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸುವುದು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ. ಶಾಲೆಯ ದಾಖಲೆ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡುವುದು. ಅವಳ ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಮ್ಮ’ ಇತ್ತು, ಶಾಲೆಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಇಂಥ ಒಂದಕ್ಷರಕ್ಕಾಗಿ ದುಡ್ಡು ಜಮೆಯಾಗದೆ ಅಲೆದವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ.

ಗೆಳತಿಯ ವಿಷಯದಲ್ಲಿ ಉಪದೇಶ ಮಾಡಲಿಲ್ಲ. ವಾರ್ಷಿಕ ಪರೀಕ್ಷೆಗೆ ಗಣಿತ ಯಾರ ಜೊತೆ ಓದುತ್ತಿದ್ದೆ ಎಂದು ಮಾತ್ರ ಕೇಳಿದೆ. ಮುಂದಿನ ಸಲ, ‘ಆಕಿ ಮನಿಗಿ ಹೋಗಿದ್ದೆ ರಿ’ ಎಂದಳು. ಶರಣಬಸವೇಶ್ವರ ಜಾತ್ರೆಗೆ ಇಬ್ಬರೂ ಕೂಡಿ ಬಂದು, ದಾರಿಯಲ್ಲಿ ನನ್ನ ಕೋಣೆಗೂ ಬಂದು ಹೋದರು. ಕೈ ತುಂಬ ಬಳೆ.

ಪಟ್ಟಿ ಬಂತು. ಗೆಳತಿಯ ಹೆಸರಿತ್ತು, ಇವಳದಿರಲಿಲ್ಲ. ಎರಡು ದಿನ ಅತ್ತಳು, ಅಳಲು ಬಿಡಿ ಎಂದು ತಾಯಿಗೆ ಹೇಳಿದೆ. ಮೂರನೇ ದಿನ ಲಕೋಟೆ ಬಿಡಿಸಿದಳಂತೆ. ಅವಳಿಗೆ ಬಂದದ್ದು 113.

ಎನ್‌ಎಂಎಂಎಸ್ ಎಂಟನೇ ತರಗತಿಯವರಿಗೆ ಮಾತ್ರ, ಮತ್ತೆ ಬರೆಯುವಂತಿಲ್ಲ. ಇದನ್ನು ಅವಳಿಗೆ ನೇರವಾಗಿ ಹೇಳಿದೆ. ಶಾಲೆ ಶುರುವಾದ ವಾರ ತಂದೆ ಫೋನ್ ಮಾಡಿದರು. ‘ಮೇಡಂ, ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟ್‌ನಾಗ ಮೆಟ್ರಿಕ್‌ಪೂರ್ವ ಸ್ಕಾಲರ್‌ಶಿಪ್ ಅರ್ಜಿ ಹಾಕ್ಬೇಕು. ನಾಡಕಚೇರಿ ಪತ್ರದ ಮ್ಯಾಲಿನ ಆರ್‌ಡಿ ನಂಬರ್ ಹಾಕಿದ್ರ ನಡೀತದೇನ್ರಿ?’ ನಡೆಯುತ್ತದೆ, ಜಾತಿ ಮತ್ತು ಆದಾಯ ಎರಡರದ್ದೂ ಹಾಕಿ, ಕೊನೆಯ ದಿನದವರೆಗೆ ಕಾಯಬೇಡಿ ಎಂದೆ. ಹಿಂದೆ ಅವಳ ದನಿ ಕೇಳಿಸಿತು: ‘ಅಪ್ಪಾ, ಆಧಾರ್‌ದಾಗ “ಮ್ಮ” ತೆಗೆಸಿದ್ದು ಹೇಳು.’