ಬೀಜ ತಾನೇ ಪುಡಿ ಮಾಡುವ ಕಾಫಿ ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಮದುವೆಯಾದಾಗಿನಿಂದಲೂ ಹಿತ್ತಾಳೆ ಫಿಲ್ಟರ್‌ನಲ್ಲಿ ಇಳಿಸಿದ ಡಿಕಾಕ್ಷನ್ ಕಾಫಿಯನ್ನೇ ಕುಡಿಯುತ್ತಿದ್ದೇವೆ. ಪೀಬರಿ ಮತ್ತು ರೋಬಸ್ಟಾ ಸಮಸಮ, ಚಿಕೋರಿ ಶೇ 20. ಈಗ ಮಗ, ಬೀಜವನ್ನು ತಾನೇ ಪುಡಿ ಮಾಡಿ ಕಾಫಿ ಕೊಡುವ ಯಂತ್ರವನ್ನು ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಅದರಲ್ಲಿ ನಮ್ಮ ಕಾಫಿಯ ರುಚಿ ಬರುವುದೇ? ಅಷ್ಟು ಹಣಕ್ಕೆ ತಕ್ಕ ವಸ್ತುವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ನಿಮ್ಮ ಕಾಫಿಯ ರುಚಿ ಅದರಲ್ಲಿ ಬಾರದು. ಯಂತ್ರ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಅದು ಮಾಡುವ ಪಾನೀಯವೇ ಬೇರೆ. ಫಿಲ್ಟರ್‌ನಲ್ಲಿ ಕುದಿಯುವ ನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ನಿಧಾನವಾಗಿ, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಮನೆಬಳಕೆಗೆ ಬರುವ ಈ ಬಗೆಯ ಯಂತ್ರಗಳಲ್ಲಿ ಹೆಚ್ಚಿನವು ಎಸ್ಪ್ರೆಸೊ ಯಂತ್ರಗಳು; ಅವು ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರನ್ನು ನುಣುಪಾದ ಪುಡಿಯ ಮೂಲಕ ನುಗ್ಗಿಸಿ, 25ರಿಂದ 30 ಸೆಕೆಂಡುಗಳಲ್ಲಿ ಒಂದು ಸಣ್ಣ ಬಟ್ಟಲಿನಷ್ಟು ರಸವನ್ನು ತೆಗೆಯುತ್ತವೆ. ಪೆಟ್ಟಿಗೆಯ ಮೇಲೆ 15 ಬಾರ್, 20 ಬಾರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಪಂಪಿನ ಗರಿಷ್ಠ ಶಕ್ತಿ. ಕಾಫಿಗೆ ಅಷ್ಟು ಬೇಕಾಗುವುದಿಲ್ಲವಾದ್ದರಿಂದ ಆ ಸಂಖ್ಯೆಯನ್ನು ನೋಡಿ ಹೆಚ್ಚು ಹಣ ಕೊಡಬೇಡಿ.

ಇನ್ನು ಚಿಕೋರಿಯ ಮಾತು. ಅದು ಕಾಫಿ ಬೀಜವಲ್ಲ, ಹುರಿದು ಪುಡಿ ಮಾಡಿದ ಬೇರು. ನೀರು ತಾಗಿದೊಡನೆ ಬಹುಪಾಲು ಕರಗಿ, ಉಳಿದದ್ದು ಉಬ್ಬಿ ಅಂಟಾಗುತ್ತದೆ. ನಿಮ್ಮ ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಟ್ಟು, ನೀರು ಬೇಗನೆ ಇಳಿದುಹೋಗದಂತೆ ತಡೆಯುವುದು ಈ ಗುಣವೇ. ಯಂತ್ರದ ಸಣ್ಣ ಜಾಲರಿಯನ್ನು ಕಟ್ಟಿಹಾಕುವುದೂ ಇದೇ ಗುಣ. ಬೀಜ ಹಾಕುವ ಡಬ್ಬಿಗಂತೂ ಚಿಕೋರಿಯನ್ನು ಸೇರಿಸಲೇಬಾರದು. ಗಾಳಿಯ ತೇವವನ್ನು ಹೀರಿಕೊಂಡು ಅದು ಗ್ರೈಂಡರಿನ ಒಳಗೆ ಬೆಲ್ಲದ ಪಾಕದಂತೆ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ.

ಹಾಗಾದರೆ ಈ ಯಂತ್ರದಲ್ಲಿ ಬೆಲೆ ತೆರಬೇಕಾದದ್ದು ಯಾವುದಕ್ಕೆ? ನನ್ನ ಅಭಿಪ್ರಾಯದಲ್ಲಿ ಅದರ ಗ್ರೈಂಡರಿಗೆ. ಹುರಿದ ಬೀಜ ತಿಂಗಳೊಪ್ಪತ್ತು ಘಮ ಉಳಿಸಿಕೊಂಡೀತು. ಪುಡಿಯಾದ ಮೇಲೆ ಆ ಘಮ ಗಂಟೆಗಳ ಲೆಕ್ಕದಲ್ಲಿ ಹಾರತೊಡಗುತ್ತದೆ. ಆದ್ದರಿಂದ ಕುಡಿಯುವ ಹೊತ್ತಿಗೆ ಬೇಕಾದಷ್ಟನ್ನೇ ಪುಡಿ ಮಾಡಿಕೊಳ್ಳುವುದರಿಂದ ಆಗುವ ವ್ಯತ್ಯಾಸವನ್ನು ಯಾರ ನಾಲಿಗೆಯಾದರೂ ಗುರುತಿಸುತ್ತದೆ. ಆದರೆ ಕೊಳ್ಳುವ ಮೊದಲು ಒಂದು ಭೇದವನ್ನು ತಿಳಿದಿರಬೇಕು. ಗುಂಡಿ ಒತ್ತಿದರೆ ಎಲ್ಲವನ್ನೂ ತಾನೇ ಮಾಡುವ ಪೂರ್ಣ ಸ್ವಯಂಚಾಲಿತ ಯಂತ್ರದಲ್ಲಿ ಪುಡಿ ಒಳಗೇ ಬಿದ್ದು ಒಳಗೇ ಮುಗಿಯುತ್ತದೆ. ಅದು ನಿಮ್ಮ ಕೈಗೆ ಸಿಗುವುದೇ ಇಲ್ಲ. ಹಿಡಿಯಿರುವ ಬಟ್ಟಲಿಗೆ ಪುಡಿಯನ್ನು ಸುರಿದು, ನಾವೇ ಒತ್ತಿ ಕೂರಿಸಬೇಕಾದ ಇನ್ನೊಂದು ಬಗೆಯ ಯಂತ್ರದಲ್ಲಿ ಪುಡಿಯನ್ನು ಹೊರಗೆ ತೆಗೆದುಕೊಳ್ಳಬಹುದು. ಮಗ ಕೊಡಿಸಿಯೇ ತೀರುವನೆಂದಾದರೆ ಈ ಎರಡನೆಯದನ್ನು ಕೇಳಿ. ಪುಡಿಯ ಹದವನ್ನು ಸ್ವಲ್ಪ ದಪ್ಪಕ್ಕೆ ತಿರುಗಿಸಿ, ಬಂದ ಪುಡಿಗೆ ಚಿಕೋರಿಯನ್ನು ಬೇರೆಯಾಗಿ ಬೆರೆಸಿ, ನಿಮ್ಮ ಹಿತ್ತಾಳೆ ಫಿಲ್ಟರಿಗೇ ಹಾಕಿ ನೀರು ಹೊಯ್ಯಿರಿ. ಇದಿಷ್ಟೇ ಸಾಕೆನಿಸಿದರೆ ದೊಡ್ಡ ಯಂತ್ರವೇ ಬೇಡ. ಬಿಡಿ ಗ್ರೈಂಡರ್ ಒಂದನ್ನು ಕೊಂಡರೆ ಬೆಲೆ ಎಷ್ಟೋ ಕಡಿಮೆಯಾಗುತ್ತದೆ.

ಎಸ್ಪ್ರೆಸೊಗೆ ಹಾಲು ಬೆರೆಸಿ ಕುಡಿಯುವುದೂ ನಿಮಗೆ ಒಪ್ಪಿಗೆಯಾದೀತು ಎನಿಸಿದರೆ ಇನ್ನೊಂದು ಸೂಚನೆ. ಯಂತ್ರದ ಹಬೆ ಹಾಲನ್ನು ನೊರೆ ಮಾಡುವುದು ಸಾಮಾನ್ಯವಾಗಿ 60ರಿಂದ 65 ಡಿಗ್ರಿಯಲ್ಲಿ, ಲೋಟ ದವರಾದಲ್ಲಿ ಆರಿಸಿ ಕುಡಿದು ಅಭ್ಯಾಸವಾದವರಿಗೆ ಅದು ಆರಿದ ಕಾಫಿಯೇ ಸರಿ. ‘ಇದೇನು, ಬಿಸಿಯೇ ಇಲ್ಲ’ ಎಂಬ ದೂರು ಯಂತ್ರ ಬಂದ ಮೊದಲ ವಾರ ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಹಾಲನ್ನು ಒಲೆಯ ಮೇಲೆಯೇ ಉಕ್ಕು ಬರುವವರೆಗೆ ಕಾಯಿಸಿ, ಬಿಸಿನೀರಿನಲ್ಲಿ ತೊಳೆದ ಲೋಟಕ್ಕೆ ಎಸ್ಪ್ರೆಸೊ ಹಿಡಿದು, ಅದರ ಮೇಲೆ ಹಾಲು ಸುರಿದರೆ ದೂರು ನಿಲ್ಲುತ್ತದೆ. ಬೀಜದಲ್ಲಿ ಮೂರನೇ ಒಂದು ಪಾಲಾದರೂ ರೋಬಸ್ಟಾ ಇರಲಿ. ಹಾಲಿನ ನಡುವೆಯೂ ತಲೆಯೆತ್ತುವ ಕಡಕ್ ರುಚಿ ಅದರಿಂದ ಬರುತ್ತದೆ.

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮದು ಸಣ್ಣ ತೋಟ. ಮನೆ ಬಳಕೆಗೆ ನಾವೇ ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತೇವೆ. ಅದನ್ನೇ ಯಂತ್ರಕ್ಕೆ ಹಾಕಬಹುದೇ?
— ಗೃಹಿಣಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಹಾಕಬಹುದು, ಆದರೆ ಎಚ್ಚರ ಬೇಕು. ಯಂತ್ರದೊಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು, ಉಕ್ಕಿನವೋ ಪಿಂಗಾಣಿಯವೋ, ಕೂದಲೆಳೆಯ ಅಂತರದಲ್ಲಿ ತಿರುಗುತ್ತಿರುತ್ತವೆ. ಅಂಗಳದಲ್ಲಿ ಒಣಗಿಸಿದ ಬೀಜದ ಜೊತೆ ಒಂದೇ ಒಂದು ಹರಳು ಕಲ್ಲು ಬಂದರೂ ಹಲ್ಲು ಮುಕ್ಕಾಗುತ್ತದೆ. ಆದ್ದರಿಂದ ಹುರಿಯುವ ಮೊದಲೊಮ್ಮೆ, ಹುರಿದ ಮೇಲೊಮ್ಮೆ ಮೊರದಲ್ಲಿ ಕೇರಿ ಆರಿಸಿ. ಹುರಿದ ಬೀಜ ಕಪ್ಪಾಗಿರುವುದರಿಂದ ಕಲ್ಲು ಎರಡನೆಯ ಸಲ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಬಾಣಲೆಯ ಇನ್ನೊಂದು ತೊಡಕೆಂದರೆ ಹುರಿತ ಒಂದೇ ಹದಕ್ಕೆ ಬಾರದಿರುವುದು. ಹೊರಗೆ ಕರಿದು ಒಳಗೆ ಹಸಿಯಾಗಿ ಉಳಿದ ಬೀಜ ಬಹಳ ಗಡಸು. ಗ್ರೈಂಡರ್ ಅದನ್ನು ಕಚ್ಚಿಕೊಂಡು ನಿಂತುಬಿಡುವುದುಂಟು. ನಾಲ್ಕಾರು ಬೀಜಗಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಗರಿಗರಿಯಾಗಿ ಒಡೆದರೆ ಮಾತ್ರ ಯಂತ್ರಕ್ಕೆ ಹಾಕಿ. ಎಣ್ಣೆ ಜಿನುಗಿ ಹೊಳೆಯುವಷ್ಟು ಕಪ್ಪಗೆ ಹುರಿಯುವುದೂ ಬೇಡ. ಘಮಕ್ಕೆಂದು ಕೊನೆಯಲ್ಲಿ ತುಪ್ಪವನ್ನೋ ಸಕ್ಕರೆಯನ್ನೋ ಸೇರಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಆ ಬೀಜವನ್ನು ಬೇರೆ ಡಬ್ಬಿಯಲ್ಲಿಟ್ಟು ಕೈಯಂತ್ರದಲ್ಲೇ ಪುಡಿ ಮಾಡಿಕೊಳ್ಳಿ. ಹುರಿದ ದಿನವೇ ಎಸ್ಪ್ರೆಸೊ ಇಳಿಸಲು ಹೋಗಬೇಡಿ, ಬೀಜದೊಳಗೆ ಸೇರಿಕೊಂಡಿರುವ ಇಂಗಾಲದ ಡೈಆಕ್ಸೈಡ್ ಅನಿಲ ಹೊರಹೋಗಲು ಒಂದು ವಾರ ಬಿಟ್ಟರೆ ಒಳ್ಳೆಯದು.

ನಿಮ್ಮ ಕಡೆಯ ಮಳೆಗಾಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಯಂತ್ರದ ಮೇಲಿನ ಡಬ್ಬಿಯನ್ನು ತುಂಬಿಸಿಡದೆ ಆಯಾ ದಿನಕ್ಕೆ ಬೇಕಾದಷ್ಟು ಬೀಜವನ್ನು ಮಾತ್ರ ಹಾಕಿ. ಕಾಫಿ ಚರಟ ಬೀಳುವ ತಟ್ಟೆಯನ್ನು ಪ್ರತಿ ಸಂಜೆ ತೆಗೆದು ತೊಳೆಯಿರಿ. ಜುಲೈ ತಿಂಗಳಲ್ಲಿ ಎರಡು ದಿನ ಮರೆತರೆ ಸಾಕು, ಬಿಳಿ ಬೂಷ್ಟು ಹಿಡಿದಿರುತ್ತದೆ.

ಪ್ರಶ್ನೆ: ಯಂತ್ರ ತಂದು ಒಂದು ವರ್ಷವಾಯಿತು. ಈಗ ಗ್ರೈಂಡರಿನ ಶಬ್ದ ಬರುತ್ತದೆ, ಆದರೆ ಪುಡಿ ಕಡಿಮೆ ಬೀಳುತ್ತದೆ, ಕಾಫಿ ನೀರಾಗಿದೆ. ರಿಪೇರಿಯವರು ಗ್ರೈಂಡರನ್ನೇ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಬೇರೆ ದಾರಿಯಿದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹಣ ಕೊಡುವ ಮೊದಲು ಒಮ್ಮೆ ಶುಚಿಗೊಳಿಸಿ ನೋಡಿ. ಒಂದೇ ವರ್ಷದ ಮನೆಬಳಕೆಗೆ ಬಿಲ್ಲೆಗಳು ಸವೆದುಹೋಗುವುದು ಅಪರೂಪ. ಪುಡಿ ಕೆಳಗಿಳಿಯುವ ಕೊಳವೆಯಲ್ಲಿ ಹಳೆಯ ಪುಡಿ ಎಣ್ಣೆಯೊಡನೆ ಗಟ್ಟಿಯಾಗಿ ಕೂತಿರುವ ಸಂಭವವೇ ಹೆಚ್ಚು. ಪ್ಲಗ್ ತೆಗೆದು, ಬೀಜವನ್ನೆಲ್ಲ ಖಾಲಿ ಮಾಡಿ. ಮೇಲಿನ ಬಿಲ್ಲೆಯನ್ನು ಕೈಯಿಂದ ಬಿಚ್ಚಬಹುದಾದ ಮಾದರಿಯಾದರೆ ಬಿಚ್ಚಿ ಒಣ ಬ್ರಷ್‌ನಿಂದ ಉಜ್ಜಿ, ಕೊಳವೆಯಲ್ಲಿ ಉಳಿದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಗ್ರೈಂಡರಿನೊಳಗೆ ನೀರು ಹೋಗಕೂಡದು. ಅಕ್ಕಿ ಹಾಕಿ ತಿರುಗಿಸಿದರೆ ಶುಚಿಯಾಗುತ್ತದೆ ಎಂಬ ಸಲಹೆಯನ್ನು ಪಾಲಿಸಬೇಡಿ. ಅಕ್ಕಿ ಕಾಫಿ ಬೀಜಕ್ಕಿಂತ ಗಡಸು, ಮೋಟಾರಿಗೆ ಹೊರೆಯಾಗುತ್ತದೆ.

ಇದರಿಂದ ಪುಡಿಯ ಪ್ರಮಾಣ ಸರಿಹೋದರೂ ಕಾಫಿ ನೀರಾಗಿಯೇ ಇದ್ದರೆ ಪುಡಿಯ ಹದವನ್ನು ಒಂದೊಂದೇ ಅಂಕಿಯಂತೆ ನುಣುಪಿಗೆ ತನ್ನಿ. ನುಣುಪಿಗೆ ತರುವಾಗ ಗ್ರೈಂಡರ್ ತಿರುಗುತ್ತಿರುವಾಗಲೇ ಗುಂಡಿಯನ್ನು ತಿರುಗಿಸಬೇಕು. ನಿಂತಿದ್ದಾಗ ತಿರುಗಿಸಿದರೆ ಬಿಲ್ಲೆಗಳ ನಡುವೆ ಸಿಕ್ಕಿದ ಬೀಜದ ಚೂರು ಅಡ್ಡವಾಗುತ್ತದೆ. ಬದಲಾವಣೆಯ ಫಲ ಮೊದಲ ಲೋಟದಲ್ಲಿ ಪೂರ್ತಿ ಕಾಣದು, ಎರಡನೆಯದನ್ನೋ ಮೂರನೆಯದನ್ನೋ ಕುಡಿದು ತೀರ್ಮಾನಿಸಿ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಒಳಗಿನ ಕೊಳವೆಗಳಲ್ಲಿ ಸುಣ್ಣದ ಪದರವೂ ಕಟ್ಟಿರುತ್ತದೆ. ಅದಕ್ಕೆ ತಯಾರಕರು ಹೇಳಿದ ದ್ರಾವಣವನ್ನೇ ಬಳಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ಬರುವಾಗ ಇಂಥದ್ದೊಂದು ಯಂತ್ರವನ್ನು ತರುತ್ತೇನೆ ಎನ್ನುತ್ತಿದ್ದಾರೆ. ಇಲ್ಲಿ ನಡೆಯುವುದೇ?
— ಶಿಕ್ಷಕಿ, ಉಡುಪಿ

ಉತ್ತರ: ಬೇಡವೆನ್ನಿ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಚುಚ್ಚಿದರೆ ಯಂತ್ರ ಸುಟ್ಟುಹೋಗುತ್ತದೆ. ಸುಮಾರು 1,500 ವ್ಯಾಟ್ ಎಳೆಯುವ ಈ ಯಂತ್ರಕ್ಕೆ ಸಾಲುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಅದೇ ಒಂದು ದೊಡ್ಡ ಹೊರೆಯಾಗುತ್ತದೆ. ಅದು ವೋಲ್ಟೇಜನ್ನು ಇಳಿಸೀತೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ದುಬೈನಿಂದಲೋ ಯುರೋಪಿನಿಂದಲೋ ತರುವವರಿದ್ದರೆ ವಿದ್ಯುತ್ತಿನ ತೊಡಕು ಇರುವುದಿಲ್ಲ, ಆದರೆ ವಾರಂಟಿ ಇಲ್ಲಿ ನಡೆಯುವುದೇ ಎಂದು ಮೊದಲೇ ವಿಚಾರಿಸಿ. ನಿಮ್ಮ ಭಾವನವರಿಗೆ ಏನಾದರೂ ತಂದುಕೊಡಲೇಬೇಕೆಂಬ ಆಸೆಯಿದ್ದರೆ, ಉಕ್ಕಿನ ಬಿಲ್ಲೆಗಳಿರುವ ಒಳ್ಳೆಯ ಕೈ ಗ್ರೈಂಡರ್ ಒಂದನ್ನು ತರಲು ಹೇಳಿ; ಅದಕ್ಕೆ ವಿದ್ಯುತ್ತೇ ಬೇಕಿಲ್ಲ, ಸೂಟ್‌ಕೇಸಿನಲ್ಲಿ ಜಾಗವೂ ಹೆಚ್ಚು ಹಿಡಿಯದು.